ಬಾಗಿಲು ತೆರೆಸಿದ ಕಮಲಾ

ಮಕ್ಕಳೇ, ಮಧ್ಯಾಹ್ನ ಬಿಸಿಯೂಟಕ್ಕೆ ಕುಳಿತಾಗ ತಟ್ಟೆಗೆ ಬೀಳುವ ಸಾಂಬಾರನ್ನು ಒಮ್ಮೆ ಗಮನವಿಟ್ಟು ನೋಡಿ. ತರಕಾರಿಯ ಜೊತೆಗೆ ಅದರಲ್ಲಿ ತೊಗರಿಬೇಳೆ ಇರುತ್ತದೆ. ಬೇಳೆಯಲ್ಲಿ ಪ್ರೋಟೀನ್ ಇದೆ, ಮೈ ಬೆಳೆಯಲು ಅದು ಬೇಕು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೀರಿ. ಆದರೆ ಬೇಳೆಯ ಒಳಗೆ ಪ್ರೋಟೀನ್ ಇರುವುದನ್ನು ಯಾರು ಕಂಡರು? ಎಷ್ಟಿದೆ ಎಂದು ಹೇಗೆ ಅಳೆದರು?

ವಿರಾಜಪೇಟೆಯ ಹತ್ತಿರದ ಒಂದು ಶಾಲೆಗೆ ನಾನು ವಿಜ್ಞಾನದ ಕಿಟ್ ತೆಗೆದುಕೊಂಡು ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಈ ಪ್ರಶ್ನೆ ಕೇಳಿದಳು. ಕಾಫಿ ತೋಟದ ಲೈನ್ ಮನೆಯಿಂದ ಬರುವ ಹುಡುಗಿ. ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವವಳು ಎಂದು ಅವಳ ತರಗತಿಯ ಶಿಕ್ಷಕಿ ಆಮೇಲೆ ಹೇಳಿದರು. ಅನೇಕ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ ಅದು ಎಂದು ವಿವರಿಸಿ, ಅವರಲ್ಲಿ ಒಬ್ಬರ ಹೆಸರನ್ನು ಹೇಳಿದೆ. ಹೆಸರು ಕೇಳಿ ಅವಳಿಗೆ ಆಶ್ಚರ್ಯವಾಯಿತು. ಅವರು ಹೆಂಗಸೇ ಎಂದು ಎರಡು ಸಲ ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಹೇಳಲಾಗದೆ ಉಳಿದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹೆಸರು ಕಮಲಾ ಸೊಹೊನಿ. ಮದುವೆಗೆ ಮುಂಚೆ ಕಮಲಾ ಭಾಗವತ್.

ರಸಾಯನಶಾಸ್ತ್ರದ ಮನೆ

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಮನೆಮಾತು ಮರಾಠಿ. ತಂದೆ ನಾರಾಯಣರಾವ್ ಭಾಗವತ್ ರಸಾಯನಶಾಸ್ತ್ರ ಓದಿದವರು. ತಂದೆಯ ಸೋದರ ಮಾಧವರಾವ್ ಕೂಡ ಅದೇ ಶಾಸ್ತ್ರದವರು. ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತಿದ್ದರು. ಈಗ ನಾವು ಭಾರತೀಯ ವಿಜ್ಞಾನ ಸಂಸ್ಥೆ ಎನ್ನುತ್ತೇವಲ್ಲ, ಅದೇ. ಬೆಂಗಳೂರಿನ ಹಳಬರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು.

ಇಂಥ ಮನೆಯಲ್ಲಿ ಹುಡುಗಿ ವಿಜ್ಞಾನ ಓದುತ್ತೇನೆ ಎಂದರೆ ಬೇಡ ಎನ್ನುವವರು ಇರಲಿಲ್ಲ. 1933ರಲ್ಲಿ ಕಮಲಾ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಪಡೆದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಪೂರಕ ವಿಷಯ. ಅಂಕಗಳ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ತಂದೆ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು. ಅಂಕ ಇದೆ, ಆಸೆಯೂ ಇದೆ, ಸೀಟು ಸಿಕ್ಕೇ ಸಿಗುತ್ತದೆ ಎಂದು ಅವರಿಗೆ ಅನುಮಾನವೇ ಇರಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ಅಂಕ ಕಡಿಮೆ ಎಂಬುದು ಕಾರಣವಲ್ಲ, ಹೆಣ್ಣು ಎಂಬುದು ಕಾರಣ.

ದೊಡ್ಡವರ ತಪ್ಪು

ಆ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದವರು ಯಾರು ಗೊತ್ತೇ? ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಬಹುಮಾನ ಪಡೆದವರು. ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಪ್ರತಿ ವರ್ಷ ಫೆಬ್ರವರಿ 28ರಂದು ನಮ್ಮ ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. ಬೆಳಕು ಚದುರುವ ಬಗೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಅವರೇ. ಆದರೆ ಹೆಣ್ಣುಮಕ್ಕಳು ಸಂಶೋಧನೆಗೆ ತಕ್ಕವರಲ್ಲ ಎಂಬ ಎಣಿಕೆ ಆ ಕಾಲದ ಅನೇಕರಂತೆ ಅವರಿಗೂ ಇತ್ತು. ಇದನ್ನು ಮಕ್ಕಳಿಗೆ ಹೇಳಬೇಕೇ ಎಂದು ಶಿಕ್ಷಕ ಮಿತ್ರರು ಕೆಲವರು ನನ್ನನ್ನು ಕೇಳಿದ್ದುಂಟು. ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಹಾರ ಹಾಕುವುದನ್ನು ಬಿಡಬೇಕಾಗಿಲ್ಲ, ನಡೆದದ್ದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಕಮಲಾ ಬೆಂಗಳೂರಿಗೇ ಬಂದರು. ನಿರ್ದೇಶಕರನ್ನು ಕಂಡು, ತನ್ನನ್ನು ಸೇರಿಸಿಕೊಳ್ಳದಿರಲು ಕಾರಣವೇನು ಎಂದು ನೇರವಾಗಿ ಕೇಳಿದರು. ಉತ್ತರ ಬದಲಾಗಲಿಲ್ಲ. ಅದು ಗಾಂಧೀಜಿಯವರ ಕಾಲ. ದೇಶದಲ್ಲೆಲ್ಲ ಸತ್ಯಾಗ್ರಹದ ಮಾತು. ಕಮಲಾ ಕೂಡ ಅದೇ ದಾರಿ ಹಿಡಿದರು. ಪ್ರವೇಶ ಕೊಡುವವರೆಗೆ ಕಚೇರಿಯ ಬಾಗಿಲು ಬಿಟ್ಟು ಕದಲುವುದಿಲ್ಲ ಎಂದರು. ಕೂಗಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಕೊನೆಗೆ ರಾಮನ್ ಒಪ್ಪಿದರು.

ಒಪ್ಪಿಗೆಯ ಜೊತೆ ಮೂರು ಷರತ್ತುಗಳು ಬಂದವು. ಮೊದಲ ಒಂದು ವರ್ಷ ಕಮಲಾ ಅವರನ್ನು ಪೂರ್ಣ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ, ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ತಡರಾತ್ರಿಯವರೆಗೂ ಕೆಲಸ ಮಾಡಬೇಕು. ಮೂರನೆಯದು, ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು, ಅಂದರೆ ಅಲ್ಲಿನ ಗಂಡಸರ ಗಮನವನ್ನು ಬೇರೆಡೆ ಸೆಳೆಯಬಾರದು.

ಮೊದಲ ಎರಡು ಷರತ್ತುಗಳನ್ನು ಹೇಗೋ ಸಹಿಸಬಹುದು. ಮೂರನೆಯದನ್ನು ಓದಿದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿ ಕಲಿಯಲು ಬಂದಿದ್ದಾಳೆ, ಅವಳನ್ನು ತೊಂದರೆಯೆಂದು ಮೊದಲೇ ಬರೆದಿಟ್ಟಂತಾಯಿತು. ಕಮಲಾ ಅದಕ್ಕೂ ಒಪ್ಪಿ ಒಳಗೆ ಹೋದರು. ಆ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ವಯಸ್ಸಾದ ಮೇಲೂ, ರಾಮನ್ ದೊಡ್ಡ ವಿಜ್ಞಾನಿಯಾದರೂ ಈ ವಿಷಯದಲ್ಲಿ ಸಣ್ಣ ಮನಸ್ಸಿನವರಾಗಿದ್ದರು ಎಂಬ ಅರ್ಥದಲ್ಲಿ ಮಾತಾಡಿದ್ದಾರೆ.

ಶ್ರೀನಿವಾಸಯ್ಯ ಮೇಷ್ಟ್ರು

ಕಮಲಾ ಸೊಹೊನಿ ಅವರ ಕಥೆ ಹೇಳುವವರು ಹೆಚ್ಚಾಗಿ ಸತ್ಯಾಗ್ರಹದ ಪ್ರಸಂಗ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನನಗೆ ಅದರ ನಂತರದ ಭಾಗವೇ ಮುಖ್ಯವೆನಿಸುತ್ತದೆ. ಬಾಗಿಲು ತೆರೆಯಿತು, ಸರಿ. ಆದರೆ ಒಳಗೆ ಹೋದವರಿಗೆ ಕೂರಲು ಜಾಗ ಬೇಡವೇ? ಯಾವ ಪುಸ್ತಕ ಓದಬೇಕು, ಯಾವ ಉಪಕರಣ ಹೇಗೆ ಹಿಡಿಯಬೇಕು, ಪ್ರಯೋಗ ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಪಕ್ಕದಲ್ಲಿ ನಿಂತು ಹೇಳುವವರು ಬೇಡವೇ?

ಅಂಥವರು ಕಮಲಾ ಅವರಿಗೆ ಸಿಕ್ಕರು. ಅವರ ಹೆಸರು ಎಂ. ಶ್ರೀನಿವಾಸಯ್ಯ. ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿದ್ದವರು. ಕೊಡಗಿನ ನಮಗೆ ಅವರ ಕೆಲಸದ ಒಂದು ಎಳೆ ಹತ್ತಿರದ್ದೇ. ಶ್ರೀಗಂಧದ ಮರಕ್ಕೆ ಸ್ಪೈಕ್ ಎಂಬ ರೋಗ ಬರುತ್ತದೆ. ಎಲೆಗಳು ಸಣ್ಣದಾಗುತ್ತಾ ಹೋಗಿ, ಕೊಂಬೆಗೆ ಮುಳ್ಳಿನಂತೆ ನೆಟ್ಟಗೆ ನಿಂತು, ಮರ ಒಣಗಿಬಿಡುತ್ತದೆ. ಈ ರೋಗ ಮೊದಲು ವರದಿಯಾದದ್ದು 1899ರಲ್ಲಿ, ನಮ್ಮ ಜಿಲ್ಲೆಯ ಫ್ರೇಸರ್‌ಪೇಟೆಯಲ್ಲಿ, ಅಂದರೆ ಇಂದಿನ ಕುಶಾಲನಗರದಲ್ಲಿ. ಆ ರೋಗದ ಮೇಲೆ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಶ್ರೀನಿವಾಸಯ್ಯನವರೂ ಒಬ್ಬರು.

ಅವರು ಬಲು ಶಿಸ್ತಿನ ಮನುಷ್ಯ. ಕೆಲಸದಲ್ಲಿ ರಿಯಾಯಿತಿ ಇಲ್ಲ. ಆದರೆ ಕಲಿಯುವ ಹಂಬಲ ಇದ್ದವರಿಗೆ ತಮಗೆ ತಿಳಿದದ್ದನ್ನೆಲ್ಲ ಕೊಡುವ ಮನಸ್ಸು. ಜೀವರಸಾಯನಶಾಸ್ತ್ರದಲ್ಲಿ ಹೊರದೇಶದ ದೊಡ್ಡ ವಿಜ್ಞಾನಿಗಳು ಬರೆದದ್ದನ್ನು ಕಮಲಾ ಅವರಿಂದ ಓದಿಸಿದರು, ಅವರಿಗೆ ಪತ್ರ ಬರೆಯುವಂತೆ ಪ್ರೋತ್ಸಾಹಿಸಿದರು. ಷರತ್ತಿನ ಮೇಲೆ ಒಳಬಂದ ಹುಡುಗಿಯನ್ನು ಅವರು ಷರತ್ತಿಲ್ಲದೆ ವಿದ್ಯಾರ್ಥಿನಿಯಾಗಿ ಕಂಡರು.

ನನ್ನದೊಂದು ಸಣ್ಣ ನೆನಪು. ನಾನು ಎಂ.ಎಸ್ಸಿ. ಓದುವಾಗ ನಮ್ಮ ಕುಟುಂಬದಲ್ಲಿ ಅಷ್ಟು ಓದಿದ ಹೆಣ್ಣುಮಕ್ಕಳು ಬೇರೆ ಇರಲಿಲ್ಲ. ಪ್ರಯೋಗಾಲಯದಲ್ಲಿ ಗಾಜಿನ ಬ್ಯುರೆಟ್ ಹಿಡಿದರೆ ಕೈ ನಡುಗುತ್ತಿತ್ತು. ಒಡೆದರೆ ದುಡ್ಡು ಕಟ್ಟಬೇಕಲ್ಲ ಎಂಬ ಭಯ. ಮೇಡಂ ಒಬ್ಬರು ಇದನ್ನು ಗಮನಿಸಿ, ತರಗತಿ ಮುಗಿದ ಮೇಲೂ ನನ್ನನ್ನು ನಿಲ್ಲಿಸಿಕೊಂಡು, ಒಡೆದರೆ ಒಡೆಯಲಿ ಎಂದು ಧೈರ್ಯ ಹೇಳಿ ಅಭ್ಯಾಸ ಮಾಡಿಸಿದರು. ಸುಮಾರು ಒಂದು ತಿಂಗಳು. ನಾನು ಇಂದು ಕಿಟ್ ಹಿಡಿದು ನಿಮ್ಮ ಶಾಲೆಗಳಿಗೆ ಬರುವುದು ಆ ಒಂದು ತಿಂಗಳಿನಿಂದ ಎಂದರೆ ತಪ್ಪಾಗದು.

ಬೇಳೆಯ ಲೆಕ್ಕ

ಶ್ರೀನಿವಾಸಯ್ಯನವರ ಬಳಿ ಕಮಲಾ ಹಾಲು, ಬೇಳೆ, ಕಾಳುಗಳ ಪ್ರೋಟೀನನ್ನು ಅಭ್ಯಾಸ ಮಾಡಿದರು. ಈ ವಿಷಯ ಯಾಕೆ ಮುಖ್ಯ ಎಂದರೆ, ನಮ್ಮ ದೇಶದ ಬಡವರಿಗೆ ಪ್ರೋಟೀನ್ ಸಿಗುವುದು ಹೆಚ್ಚಾಗಿ ಕಾಳುಗಳಿಂದಲೇ. ಮಾಂಸ, ಮೀನು, ಮೊಟ್ಟೆ ದಿನವೂ ತಿನ್ನಬಲ್ಲವರು ಎಷ್ಟು ಮಂದಿ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೇಳೆಯ ಪ್ರೋಟೀನನ್ನು ಅಳೆಯುವುದು ಹೇಗೆ? ನಿಮ್ಮ ಅಜ್ಜ ಅಜ್ಜಿಯರು ಓದಿದ ಪುಸ್ತಕಗಳಲ್ಲಿ ಪ್ರೋಟೀನಿಗೆ ಸಸಾರಜನಕ ಎಂಬ ಹೆಸರಿತ್ತು. ಸಾರಜನಕ ಎಂದರೆ ನೈಟ್ರೋಜನ್. ನೈಟ್ರೋಜನ್ ಉಳ್ಳದ್ದು ಸಸಾರಜನಕ. ಈ ಹೆಸರಿನಲ್ಲೇ ಅಳೆಯುವ ದಾರಿ ಅಡಗಿದೆ. ಪಿಷ್ಟದಲ್ಲಿ, ಎಣ್ಣೆಯಲ್ಲಿ ನೈಟ್ರೋಜನ್ ಇಲ್ಲ. ಪ್ರೋಟೀನಿನಲ್ಲಿ ಇದೆ, ಅದರ ತೂಕದ ಸುಮಾರು ಶೇಕಡ 16 ಭಾಗ. ಹಾಗಾಗಿ ಬೇಳೆಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿದ್ದ ನೈಟ್ರೋಜನ್ ಎಷ್ಟೆಂದು ಅಳೆದು, ಆ ಸಂಖ್ಯೆಯನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಲೆಕ್ಕ ಸಿಗುತ್ತದೆ. ನೂರು ಗ್ರಾಂ ಬೇಳೆಯಲ್ಲಿ 4 ಗ್ರಾಂ ನೈಟ್ರೋಜನ್ ಇದೆ ಎಂದಿಟ್ಟುಕೊಳ್ಳಿ. ಗುಣಿಸಿದರೆ 25 ಗ್ರಾಂ ಪ್ರೋಟೀನ್.

ಆದರೆ ಇಲ್ಲೊಂದು ತೊಡಕಿದೆ. ಬೇಳೆಯಲ್ಲಿರುವ ನೈಟ್ರೋಜನ್ ಎಲ್ಲವೂ ಪ್ರೋಟೀನಿನದಲ್ಲ. ಬೇರೆ ಸಣ್ಣಪುಟ್ಟ ವಸ್ತುಗಳಲ್ಲೂ ಸ್ವಲ್ಪ ಇರುತ್ತದೆ. ತೋಟದಲ್ಲಿ ಕೊಯ್ದ ಕಾಫಿ ಹಣ್ಣನ್ನು ಸಿಪ್ಪೆ ಸಮೇತ ತೂಗಿ, ಅಷ್ಟೂ ಬೀಜದ ತೂಕವೇ ಎಂದು ಯಾರಾದರೂ ಬರೆದುಕೊಂಡರೆ ಹೇಗಿರುತ್ತದೆ? ಇದೂ ಹಾಗೆಯೇ. ಮೇಲಿನ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಪಾಲು ನೈಟ್ರೋಜನ್ ಪ್ರೋಟೀನಿನದಲ್ಲ ಎಂದಾದರೆ, 25 ಗ್ರಾಂ ಇದ್ದದ್ದು 22.5ಕ್ಕೆ ಇಳಿಯುತ್ತದೆ. ಹೊಟ್ಟೆ ತುಂಬ ಉಣ್ಣುವವನಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಬೇಳೆಯೊಂದನ್ನೇ ನಂಬಿದ ಮಗುವಿಗೆ ದೊಡ್ಡದು.

ಈ ಸಿಪ್ಪೆಯ ಲೆಕ್ಕವನ್ನೇ ಕಮಲಾ ಹುಡುಕಿದರು. ಬೇಳೆಕಾಳುಗಳಲ್ಲಿ ಪ್ರೋಟೀನಿನದಲ್ಲದ ನೈಟ್ರೋಜನ್ ಬಗ್ಗೆ ಕಮಲಾ ಭಾಗವತ್ ಮತ್ತು ಶ್ರೀನಿವಾಸಯ್ಯ ಇಬ್ಬರೂ ಸೇರಿ ಬರೆದ ಪ್ರಬಂಧ 1935ರಲ್ಲಿ ಇಂಗ್ಲೆಂಡಿನ ಬಯೋಕೆಮಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಗಿಲಲ್ಲಿ ತಡೆಯಲ್ಪಟ್ಟು ಎರಡೇ ವರ್ಷ. ಅಷ್ಟರಲ್ಲಿ ಅವರ ಹೆಸರು ಸಮುದ್ರ ದಾಟಿತು.

ಒಂದು ವರ್ಷದ ಪರೀಕ್ಷಾ ಅವಧಿ ಮುಗಿದಾಗಲೇ ರಾಮನ್ ಅವರಿಗೂ ಸಮಾಧಾನವಾಗಿತ್ತು. ಕಮಲಾ ಅವರಿಗೆ ಪೂರ್ಣ ಮಾನ್ಯತೆ ಕೊಟ್ಟರು. ಅಷ್ಟೇ ಅಲ್ಲ, ಆಮೇಲೆ ಸಂಸ್ಥೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದರು. ಮುಂದೆ 1940ರಲ್ಲಿ ಅನ್ನಾ ಮಣಿ ಎಂಬ ತರುಣಿ ಬಂದು ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರಗಳ ಮೇಲೆ ಕೆಲಸ ಮಾಡಿದರು. ಅನ್ನಾ ಮಣಿ ಹವಾಮಾನ ಉಪಕರಣಗಳಿಗೆ ಹೆಸರಾದವರು, ಅವರ ಕಥೆಯನ್ನು ಇನ್ನೊಮ್ಮೆ ನೋಡೋಣ.

ಆಲೂಗಡ್ಡೆಯ ಉಸಿರು

ಬೆಂಗಳೂರಿನ ಕೆಲಸಕ್ಕೆ 1936ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಬಂತು. ಶಿಷ್ಯವೇತನ ಸಿಕ್ಕಿ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. 1937ರ ಡಿಸೆಂಬರಿನಲ್ಲಿ ಅಲ್ಲಿನ ನ್ಯೂನ್‌ಹ್ಯಾಮ್ ಎಂಬ ಮಹಿಳಾ ಕಾಲೇಜಿಗೆ ಸೇರಿದರು. ಅವರು ಕೆಲಸ ಮಾಡಿದ್ದು ಸರ್ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಾಲಯದಲ್ಲಿ. ಆಹಾರದಲ್ಲಿ ನಾವು ಈಗ ವಿಟಮಿನ್ ಎನ್ನುವ ವಸ್ತುಗಳಿವೆ ಎಂದು ತೋರಿಸಿ 1929ರಲ್ಲಿ ನೊಬೆಲ್ ಪಡೆದವರು ಹಾಪ್‌ಕಿನ್ಸ್. ಅವರ ಪ್ರಯೋಗಾಲಯಕ್ಕೆ ಇನ್ನೊಂದು ಹೆಸರೂ ಇತ್ತು. ಬೇರೆಡೆ ಜಾಗ ಸಿಗದ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿತ್ತು. ಬ್ಯಾಕ್ಟೀರಿಯಾಗಳ ರಸಾಯನಶಾಸ್ತ್ರ ಕಟ್ಟಿದ ಮಾರ್ಜರಿ ಸ್ಟೀಫನ್‌ಸನ್ ಅಲ್ಲಿಯೇ ಬೆಳೆದವರು. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಇಬ್ಬರು ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದಾಗ ಒಬ್ಬರು ಇದೇ ಸ್ಟೀಫನ್‌ಸನ್.

ಕಮಲಾ ಮೊದಲು ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಅವರು ಬೇರೆಡೆ ಹೋದ ಮೇಲೆ ರಾಬಿನ್ ಹಿಲ್ ಜೊತೆಯಾದರು. ಹಿಲ್ ಗಿಡಗಳ ತಜ್ಞ. ಕಮಲಾ ಕೈಗೆತ್ತಿಕೊಂಡದ್ದು ಆಲೂಗಡ್ಡೆ.

ಮೂಟೆಯಲ್ಲಿ ಸುಮ್ಮನೆ ಬಿದ್ದಿರುವ ಆಲೂಗಡ್ಡೆ ಉಸಿರಾಡುತ್ತದೆ ಎಂದರೆ ನಂಬುತ್ತೀರಾ? ಅದಕ್ಕೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಆದರೂ ಅದರ ಒಂದೊಂದು ಜೀವಕೋಶವೂ ಆಮ್ಲಜನಕವನ್ನು ಬಳಸಿ, ಕೂಡಿಟ್ಟ ಪಿಷ್ಟದಿಂದ ಶಕ್ತಿ ಪಡೆಯುತ್ತಿರುತ್ತದೆ. ಮೊಳಕೆ ಒಡೆಯುವುದು ಆ ಶಕ್ತಿಯಿಂದಲೇ. ಪ್ರಾಣಿಗಳ ಜೀವಕೋಶದಲ್ಲಿ ಈ ಕೆಲಸಕ್ಕೆ ಸೈಟೋಕ್ರೋಮ್ ಎಂಬ ಕಬ್ಬಿಣವುಳ್ಳ ಬಣ್ಣದ ಪ್ರೋಟೀನುಗಳು ಬೇಕು ಎಂದು ಆಗ ತಿಳಿದಿತ್ತು. ಒಬ್ಬರ ಕೈಯಿಂದ ಒಬ್ಬರ ಕೈಗೆ ಬಕೆಟ್ ದಾಟಿಸಿ ಬೆಂಕಿ ಆರಿಸುವ ಸಾಲನ್ನು ನೆನೆಸಿಕೊಳ್ಳಿ. ಸೈಟೋಕ್ರೋಮ್‌ಗಳು ಹಾಗೆ ಎಲೆಕ್ಟ್ರಾನುಗಳನ್ನು ದಾಟಿಸುತ್ತಾ ಕೊನೆಗೆ ಆಮ್ಲಜನಕಕ್ಕೆ ಮುಟ್ಟಿಸುತ್ತವೆ. ಆಲೂಗಡ್ಡೆಯಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಕಮಲಾ ಕಂಡುಹಿಡಿದರು. ಸಸ್ಯಗಳ ಜೀವಕೋಶಗಳಲ್ಲೆಲ್ಲ ಅದು ಇದೆ ಎಂದು ತೋರಿಸಿದರು. ಅಂದರೆ ಉಸಿರಾಟದ ಒಳಗುಟ್ಟಿನಲ್ಲಿ ನಾವೂ ಆಲೂಗಡ್ಡೆಯೂ ನೆಂಟರು. ಹಿಲ್ ಮತ್ತು ಕಮಲಾ ಅವರ ಈ ಕೆಲಸ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಕಮಲಾ ಹದಿನಾಲ್ಕು ತಿಂಗಳಲ್ಲಿ ಪಿಎಚ್.ಡಿ. ಮುಗಿಸಿದರು. ಅವರ ಮಹಾಪ್ರಬಂಧ ಕೇವಲ 40 ಪುಟ. ದಪ್ಪ ಪುಸ್ತಕವೇ ದೊಡ್ಡ ಪುಸ್ತಕ ಎಂದು ತಿಳಿದವರು ಇದನ್ನು ಗಮನಿಸಬೇಕು! ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಹಲವು ಕಡೆ ಅವರ ಬಗ್ಗೆ ಬರೆದಿರುತ್ತದೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದಿದ್ದರು. ಆದ್ದರಿಂದ ಮೊದಲಿಗರಲ್ಲಿ ಒಬ್ಬರು ಎನ್ನುವುದು ಸರಿ. ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಗಂಡಸರ ಸಮಾನವಾಗಿ ಪೂರ್ಣ ಸದಸ್ಯರೆಂದು ಒಪ್ಪಿದ್ದು 1948ರಲ್ಲಿ. ತಡೆಯುವ ಬಾಗಿಲು ಬೆಂಗಳೂರಿನಲ್ಲಿ ಮಾತ್ರ ಇರಲಿಲ್ಲ.

ಕೂನೂರಿನಿಂದ ಬೊಂಬಾಯಿಗೆ

1939ರಲ್ಲಿ ಕಮಲಾ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಶುರುವಾದ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿಂದ ನೀಲಗಿರಿಯ ಕೂನೂರಿಗೆ ಬಂದು ಪೌಷ್ಟಿಕ ಆಹಾರ ಸಂಶೋಧನಾ ಪ್ರಯೋಗಾಲಯದ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. ಬೆರಿಬೆರಿ ರೋಗದ ಕಾರಣ ಹುಡುಕಲು 1918ರಲ್ಲಿ ಕೂನೂರಿನ ಒಂದು ಸಣ್ಣ ಕೋಣೆಯಲ್ಲಿ ಆರಂಭವಾದ ಕೆಲಸ ಅದು. 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಯಾವ ಆಹಾರದಲ್ಲಿ ಎಷ್ಟು ಪೋಷಕಾಂಶ ಎಂದು ಪಟ್ಟಿ ಮಾಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು.

1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಬೊಂಬಾಯಿಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರ ವಿಭಾಗ ತೆರೆದಾಗ ಪ್ರಾಧ್ಯಾಪಕಿಯಾದರು. ಈಗ ಅವರು ಬಾಗಿಲ ಒಳಗಿನವರು. ತಮ್ಮ ಹಿಂದೆ ಬಂದ ವಿದ್ಯಾರ್ಥಿಗಳಿಗೆ ಶ್ರೀನಿವಾಸಯ್ಯನವರ ಜಾಗದಲ್ಲಿ ನಿಂತರು. ಅವರ ಪ್ರಯೋಗಾಲಯ ಆರಿಸಿಕೊಂಡ ವಿಷಯಗಳನ್ನು ನೋಡಿ: ಬೇಳೆಕಾಳು, ಭತ್ತದ ಹಿಟ್ಟು, ನೀರಾ. ಎಲ್ಲವೂ ಬಡವರ ಅಡುಗೆಮನೆಯವು.

ಅವರ ಒಂದು ಶೋಧ ನಮ್ಮ ಅವರೆಕಾಳಿಗೆ ಸಂಬಂಧಿಸಿದ್ದು. ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ಒಡೆಯುವ ಕಿಣ್ವಕ್ಕೆ ಟ್ರಿಪ್ಸಿನ್ ಎಂದು ಹೆಸರು. ಹಸಿ ಅವರೆಕಾಳಿನಲ್ಲಿ ಈ ಟ್ರಿಪ್ಸಿನ್‌ಗೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುವ ಪದಾರ್ಥ ಇದೆ. ಕಾಳನ್ನು ತಿನ್ನಲು ಬರುವ ಹುಳುಗಳಿಂದ ಗಿಡ ತನ್ನ ಬೀಜವನ್ನು ಕಾಪಾಡಿಕೊಳ್ಳುವ ಉಪಾಯಗಳಲ್ಲಿ ಇದೂ ಒಂದು. ಕಮಲಾ ಮತ್ತು ಅವರ ಸಹಸಂಶೋಧಕರು ಈ ಪದಾರ್ಥವನ್ನು ಅವರೆಯಿಂದ ಬೇರ್ಪಡಿಸಿ, ಹರಳುಗಳ ರೂಪದಲ್ಲಿ ಪಡೆದರು. 1955ರಲ್ಲಿ ಅದೂ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚೆನ್ನಾಗಿ ಬೇಯಿಸಿದರೆ ಶಾಖಕ್ಕೆ ಈ ಪದಾರ್ಥದ ಹೆಚ್ಚಿನ ಭಾಗ ಕೆಟ್ಟು, ಕಾಳು ಸುಲಭವಾಗಿ ಜೀರ್ಣವಾಗುತ್ತದೆ. ಹಸಿ ಕಾಳು ಬಾಯಿಗೆ ಹಾಕಿಕೊಂಡರೆ ಹೊಟ್ಟೆನೋವು ಬರುತ್ತದೆ ಎಂದು ಅಜ್ಜಿ ಗದರಿಸುತ್ತಾರಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ.

ಇನ್ನು ನೀರಾ. ನಮ್ಮ ಕಡೆ ಬೈನೆ ಮರದಿಂದ ರಸ ಇಳಿಸುವುದನ್ನು ಕಂಡವರಿಗೆ ಇದು ಗೊತ್ತು. ಸೂರ್ಯ ಏರುವ ಮುಂಚೆ ಮರದಿಂದ ಇಳಿಸಿದ ಸಿಹಿ ರಸ ನೀರಾ. ಹಾಗೆಯೇ ಬಿಟ್ಟರೆ ಹುಳಿತು ಕಳ್ಳಾಗುತ್ತದೆ. ಆಗಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ನೀರಾವನ್ನು ಪರೀಕ್ಷಿಸಿದರು. ಅದರಲ್ಲಿ ವಿಟಮಿನ್‌ಗಳೂ ಕಬ್ಬಿಣವೂ ಇರುವುದನ್ನು ಕಂಡರು. ಬುಡಕಟ್ಟು ಸಮುದಾಯಗಳ ಸೊರಗಿದ ಮಕ್ಕಳಿಗೆ, ಗರ್ಭಿಣಿಯರಿಗೆ ನೀರಾ ಕೊಟ್ಟು ನೋಡಿದಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆದರೆ ಹುಳಿತ ಕಳ್ಳಿಗೂ ಇದೇ ಗುಣ ಎಂದು ತಿಳಿಯಬೇಡಿ.

ಇಷ್ಟಾದರೂ ಅವರಿಗೆ ಸಂಸ್ಥೆಯ ನಿರ್ದೇಶಕ ಹುದ್ದೆ ಸಿಗಬೇಕಾದಾಗ ಸಿಗಲಿಲ್ಲ. ಒಳಗಿನ ರಾಜಕೀಯ, ಹೆಣ್ಣೆಂಬ ಕಾರಣ ಎಲ್ಲ ಸೇರಿ ನಾಲ್ಕು ವರ್ಷ ತಡವಾಯಿತು. ಕೊನೆಗೆ ಆ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿಯಾದರು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಕೂರಲಿಲ್ಲ. 1966ರಲ್ಲಿ ಒಂಬತ್ತು ಮಹಿಳೆಯರು ಬೊಂಬಾಯಿಯಲ್ಲಿ ಕಟ್ಟಿದ ಗ್ರಾಹಕರ ಸಂಘದಲ್ಲಿ ದುಡಿದು, ಆಹಾರ ಕಲಬೆರಕೆಯಂಥ ವಿಷಯಗಳ ಬಗ್ಗೆ ಜನರಿಗೆ ತಿಳಿಯುವಂತೆ ಬರೆದರು. 1982-83ರಲ್ಲಿ ಅದರ ಅಧ್ಯಕ್ಷೆಯಾದರು.

ರಕ್ತ ಕೊಡುವವರು, ರಕ್ತ ನೋಡುವವರು

ಇಲ್ಲಿ ಶಿಕ್ಷಕರಿಗೆ ಒಂದು ಮಾತು. ಕಮಲಾ ಅವರಿಗೆ ಓದಿದ ತಂದೆ ಇದ್ದರು, ಮೊದಲ ಸ್ಥಾನದ ಅಂಕ ಇತ್ತು. ಆದರೂ ಶ್ರೀನಿವಾಸಯ್ಯ ಬೇಕಾಯಿತು, ಹಾಪ್‌ಕಿನ್ಸ್ ಬೇಕಾಯಿತು. ಇವೆಲ್ಲ ಇಲ್ಲದ ನಮ್ಮ ಮಕ್ಕಳ ಗತಿ?

ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಎಂಬ ರೋಗದ ಹೆಸರು ನೀವು ಕೇಳಿರಬಹುದು. ತಂದೆ ತಾಯಿಯರಿಂದ ಮಕ್ಕಳಿಗೆ ಬರುವ ರೋಗ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ, ಹೊರದೇಶದ ವಿಜ್ಞಾನಿಗಳು. 2023ರಲ್ಲಿ ಕೇಂದ್ರ ಸರಕಾರ ಈ ರೋಗವನ್ನು ನಿವಾರಿಸುವ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಹಾಡಿಗಳ ಶಾಲೆಗಳಿಗೆ ಹೋಗುವ ನಾನು, ಬೆರಳು ಚುಚ್ಚಿಸಿಕೊಂಡು ರಕ್ತ ಕೊಡುವ ಯರವ, ಜೇನುಕುರುಬ ಮಕ್ಕಳನ್ನು ಕಂಡಿದ್ದೇನೆ. ಮೇಜಿನ ಆ ಕಡೆ ಕುಳಿತು ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಾಡಿಯ ಹುಡುಗಿಯನ್ನು ನಾನಿನ್ನೂ ಕಂಡಿಲ್ಲ. ಅವಳು ಅಲ್ಲಿ ಕುಳಿತರೆ ಬೇರೆಯವರಿಗೆ ಹೊಳೆಯದ ಪ್ರಶ್ನೆಗಳನ್ನು ಕೇಳಬಲ್ಲಳು. ಹಾಡಿಯಲ್ಲಿ ಏನು ತಿನ್ನುತ್ತಾರೆ, ಯಾವ ತಿಂಗಳಲ್ಲಿ ಕೂಲಿ ಇರುವುದಿಲ್ಲ, ಯಾವ ಕಾಯಿಲೆಯನ್ನು ಯಾರಿಗೂ ಹೇಳದೆ ಸಹಿಸುತ್ತಾರೆ ಎಂಬುದು ಅವಳಿಗೆ ಮನೆಯಲ್ಲೇ ಗೊತ್ತು.

ಒಬ್ಬ ಒಳ್ಳೆಯ ಮೇಷ್ಟ್ರು ಸಿಗುವುದು ಅದೃಷ್ಟದ ಮಾತಾಗಬಾರದು ಎಂದು ಈಗ ಕೆಲವು ಯೋಜನೆಗಳು ಬಂದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಶಿಷ್ಯವೇತನ ತಂದಿತು. ವಿದ್ಯಾರ್ಥಿ ತನ್ನ ಕಾಲೇಜಿನ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎರಡು ತಿಂಗಳು ಸಣ್ಣ ಸಂಶೋಧನೆ ಮಾಡುತ್ತಾನೆ. ಮನೆ, ಮಕ್ಕಳು ಎಂದು ವಿಜ್ಞಾನ ಬಿಟ್ಟ ಮಹಿಳೆಯರು ಮರಳಿ ಬರಲಿ ಎಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಮಹಿಳಾ ವಿಜ್ಞಾನಿ ಯೋಜನೆ ಶುರುಮಾಡಿತು. ಪ್ರೌಢಶಾಲೆಯ ಹುಡುಗಿಯರಿಗಾಗಿ 2019ರಲ್ಲಿ ವಿಜ್ಞಾನ ಜ್ಯೋತಿ ಬಂತು, ಅದರಲ್ಲಿ ವಿಜ್ಞಾನಿಗಳನ್ನು ಕಂಡು ಮಾತಾಡುವ, ಪ್ರಯೋಗಾಲಯ ನೋಡುವ ಅವಕಾಶವಿದೆ. ಅಮೆರಿಕದಲ್ಲಿ ಕರಿಯರು, ಮೂಲನಿವಾಸಿಗಳು ಆರೋಗ್ಯ ಸಂಶೋಧನೆಯಲ್ಲಿ ತೀರ ಕಡಿಮೆ ಇರುವುದನ್ನು ಕಂಡು, ಅಲ್ಲಿನ ಸರಕಾರದ ಹಣದಿಂದ 2014ರಲ್ಲಿ ಮಾರ್ಗದರ್ಶಕರ ಒಂದು ದೇಶವ್ಯಾಪಿ ಜಾಲವನ್ನೇ ಕಟ್ಟಿದರು. ಇವೆಲ್ಲ ಒಳ್ಳೆಯವೇ. ಆದರೆ ಏಳನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಗೆ ಇವು ಯಾವುವೂ ತಲುಪುವುದಿಲ್ಲ. ಅವಳಿಗೆ ತಲುಪುವವರು ಅವಳ ತರಗತಿಯ ಶಿಕ್ಷಕರು ಮಾತ್ರ.

ದೆಹಲಿಯ ಸಭೆ

ಕಮಲಾ ಸೊಹೊನಿ ಅವರನ್ನು ವಿಜ್ಞಾನಲೋಕ ಬಹುಕಾಲ ಮರೆತೇಬಿಟ್ಟಿತ್ತು. 1990ರ ದಶಕದಲ್ಲಿ ಅವರ ಕಥೆಯನ್ನು ತಿಳಿದು, ದೆಹಲಿಗೆ ಕರೆಸಿ ಗೌರವಿಸಿದವರು ಡಾ. ಜಿ.ವಿ. ಸತ್ಯವತಿ. ಗುಗ್ಗುಳದ ಔಷಧಿ ಗುಣದ ಮೇಲೆ ಸಂಶೋಧನೆ ಮಾಡಿ ಹೆಸರಾದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದ ಮೊದಲ ಮಹಿಳೆ ಅವರೇ. ಬೆಂಗಳೂರಿನ ಕಚೇರಿಯ ಬಾಗಿಲಲ್ಲಿ ಕಮಲಾ ನಿಂತು ಆಗಲೇ ಅರವತ್ತು ವರ್ಷಗಳು ಕಳೆದಿದ್ದವು. ದೇಶದ ವೈದ್ಯಕೀಯ ಸಂಶೋಧನೆಯ ಅತಿ ದೊಡ್ಡ ಕುರ್ಚಿಯಲ್ಲಿ ಕುಳಿತ ಮಹಿಳೆಯೊಬ್ಬರು ಅವರಿಗೆ ಸನ್ಮಾನ ಮಾಡಿದರು.

ಆ ಸಮಾರಂಭದ ನಡುವೆಯೇ ಕಮಲಾ ಕುಸಿದುಬಿದ್ದರು. 1998ರಲ್ಲಿ ಅವರು ತೀರಿಕೊಂಡರು.